ಹಾರ್ಡ್‌ವೇರ್ ಸ್ಯಾಂಪ್ಲರ್ ಕೊಳ್ಳುವ ಮುನ್ನ ಎಣಿಸಬೇಕಾದ್ದು

ಸ್ಯಾಂಪ್ಲರ್ ಎಂದರೆ ಹೊರಗಿನ ಸದ್ದಿನ ತುಣುಕನ್ನು (ಸ್ಯಾಂಪಲ್) ಹಿಡಿದಿಟ್ಟು ವಾದ್ಯದಂತೆ ನುಡಿಸುವ ಯಂತ್ರ. ಅದನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೆಮೊರಿ ಎಷ್ಟು, ಟ್ರ್ಯಾಕ್‌ಗಳೆಷ್ಟು, ಎಫೆಕ್ಟ್‌ಗಳೆಷ್ಟು ಎಂಬ ಪಟ್ಟಿಯಿಂದಲೇ ಲೆಕ್ಕ ಶುರುಮಾಡುತ್ತಾರೆ. ಆ ಅಂಕಿಗಳು ಬೇಡವೆಂದಲ್ಲ. ಅವಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಸದ್ದೊಂದು ಕಿವಿಗೆ ಬಿದ್ದ ಗಳಿಗೆಯಿಂದ ಅದು ಲಯದೊಳಗೆ ಕೂತು ನುಡಿಯುವ ಗಳಿಗೆಯವರೆಗೆ ಈ ಯಂತ್ರದಲ್ಲಿ ಎಷ್ಟು ಗುಂಡಿ ಒತ್ತಬೇಕು?

ಇದನ್ನು ಹಣ ಕೊಡುವ ಮೊದಲೇ ಎಣಿಸಬಹುದು. ಹೆಚ್ಚಿನ ತಯಾರಕರು ಕೈಪಿಡಿಯನ್ನು ತಮ್ಮ ತಾಣದಲ್ಲಿ ಉಚಿತವಾಗಿ ಇಟ್ಟಿರುತ್ತಾರೆ. ಅದರ ಸ್ಯಾಂಪ್ಲಿಂಗ್ ಅಧ್ಯಾಯವನ್ನು ತೆರೆದಿಟ್ಟುಕೊಂಡು ಒಂದು ಸರಳ ಕೆಲಸವನ್ನು ಕಾಗದದ ಮೇಲೆ ಮಾಡಿ ನೋಡಿ. ಕೀಲಿಗೊಂಚಲಿನ ಝಣಝಣ ಸದ್ದನ್ನು ಒಳಗೆ ತೆಗೆದುಕೊಳ್ಳಬೇಕು, ಹಿಂದುಮುಂದಿನ ಮೌನವನ್ನು ಕತ್ತರಿಸಬೇಕು, ಬೆರಳಿನಿಂದ ತಟ್ಟುವ ಗುಂಡಿಗೆ, ಅಂದರೆ ಪ್ಯಾಡ್‌ಗೆ ಹಚ್ಚಬೇಕು, ಶ್ರುತಿಯನ್ನು ಐದು ಸೆಮಿಟೋನ್ (ಅರ್ಧಸ್ವರ) ಇಳಿಸಬೇಕು, ಕೊನೆಗೆ ಸುತ್ತಿಸುತ್ತಿ ನುಡಿಯುವ 16 ಹೆಜ್ಜೆಗಳ ಸೀಕ್ವೆನ್ಸ್‌ನಲ್ಲಿ ಐದನೆಯ ಮತ್ತು ಹದಿಮೂರನೆಯ ಹೆಜ್ಜೆಗೆ ಕೂರಿಸಬೇಕು. ಒಂದೊಂದು ಒತ್ತಿಗೂ ಒಂದೊಂದು ಗೆರೆ ಹಾಕುತ್ತಾ ಹೋಗಿ. ಹತ್ತು-ಹನ್ನೆರಡು ಗೆರೆಗಳಲ್ಲಿ ಮುಗಿದರೆ ಒಳ್ಳೆಯದು. ಮೂವತ್ತರ ಹತ್ತಿರ ಹೋದರೆ, ಆ ಯಂತ್ರದಲ್ಲಿ ನೀವು ಹೊಸ ಸದ್ದು ಹಿಡಿಯುವುದನ್ನು ಕ್ರಮೇಣ ಬಿಟ್ಟು, ಅದರ ಜೊತೆಗೇ ಬಂದ ಸದ್ದುಗಳಲ್ಲಿ ಕಾಲ ಕಳೆಯುವ ಸಂಭವ ಹೆಚ್ಚು.

ಎಣಿಕೆ ಯಂತ್ರದಿಂದ ಯಂತ್ರಕ್ಕೆ ಬದಲಾಗಲು ಅವುಗಳ ವಂಶಾವಳಿ ಕಾರಣ. ರೋಜರ್ ಲಿನ್ ವಿನ್ಯಾಸದ, 1988ರಲ್ಲಿ ಬಂದ ಅಕಾಯ್ ಎಂಪಿಸಿ60 ನಾಲ್ಕು ಸಾಲು, ನಾಲ್ಕು ಕಂಬಗಳ 16 ಪ್ಯಾಡ್‌ಗಳನ್ನು ಬೆರಳಿನ ವಾದ್ಯವಾಗಿಸಿತು. ಇಂದಿನ ಎಂಪಿಸಿಗಳೂ ಮೂಲತಃ ಬೆರಳಲ್ಲಿ ನುಡಿಸಿ ದಾಖಲಿಸುವವರಿಗೇ ಒಲಿಯುತ್ತವೆ. ಎಲೆಕ್ಟ್ರಾನ್ ಕಂಪನಿಯ ಡಿಜಿಟಾಕ್ಟ್‌ನಂಥವು ಹೆಜ್ಜೆ ಹೆಜ್ಜೆಯಾಗಿ ಯೋಚಿಸುತ್ತವೆ: ಒಂದು ಹೆಜ್ಜೆಯ ಗುಂಡಿಯನ್ನು ಒತ್ತಿಹಿಡಿದು ನಾಬ್ ತಿರುಗಿಸಿದರೆ ಆ ಹೆಜ್ಜೆಗೆ ಮಾತ್ರ ಫಿಲ್ಟರ್ ಬೇರೆ, ಶ್ರುತಿ ಬೇರೆ, ಬೇಕಾದರೆ ಸ್ಯಾಂಪಲ್ಲೇ ಬೇರೆ. ರೋಲ್ಯಾಂಡ್‌ನ ಎಸ್‌ಪಿ-404 ಸಾಲಿನ ಜೀವಾಳ ರೀಸ್ಯಾಂಪ್ಲಿಂಗ್, ಅಂದರೆ ಎಫೆಕ್ಟ್‌ನೊಳಗೆ ಹಾಯಿಸಿದ ಸದ್ದನ್ನು ಮತ್ತೆ ಹೊಸ ಪ್ಯಾಡ್‌ಗೆ ಮುದ್ರಿಸಿಕೊಂಡು ಪದರದ ಮೇಲೆ ಪದರ ಕಟ್ಟುವುದು. ಮೇಜಿನ ಮೇಲೆ ತಾಳ ಕುಟ್ಟುವ ಚಟವಿರುವವರಿಗೂ ಚೌಕದ ಹಾಳೆಯಲ್ಲಿ ಬರೆದಿಡುವ ಸ್ವಭಾವದವರಿಗೂ ಒಂದೇ ಯಂತ್ರ ಹಿಡಿಸಬೇಕೆಂದಿಲ್ಲ. ತಾವು ಇವರಲ್ಲಿ ಯಾರು ಎಂಬುದು ಗೊತ್ತಾದರೆ ಪಟ್ಟಿಯ ಅರ್ಧ ತಾನಾಗಿ ಅಳಿಸಿಹೋಗುತ್ತದೆ.

ಮೆಮೊರಿಯ ಲೆಕ್ಕ ಕಾಣುವಷ್ಟು ಕಠಿಣವಲ್ಲ. 48 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಬಾರಿ ಅಳೆದು ಪ್ರತಿ ಅಳತೆಗೂ ಎರಡು ಬೈಟ್ ಇಟ್ಟರೆ, ಒಂದು ಸೆಕೆಂಡಿನ ಮೋನೋ ಸದ್ದಿಗೆ 96,000 ಬೈಟ್ ಬೇಕು. ಹಾಗಾಗಿ ಮೊದಲ ಡಿಜಿಟಾಕ್ಟ್ ಒಂದು ಪ್ರಾಜೆಕ್ಟ್‌ಗೆ ಕೊಡುವ 64 ಎಂಬಿಯಲ್ಲಿ ಸುಮಾರು 11 ನಿಮಿಷದ ಸದ್ದು ಹಿಡಿಯುತ್ತದೆ. ಕೇಳಲು ಕಡಿಮೆ ಅನ್ನಿಸಬಹುದು. ಆದರೆ ಅರ್ಧ ಸೆಕೆಂಡಿನ ಡ್ರಮ್ ಪೆಟ್ಟುಗಳನ್ನೇ ತುಂಬುವವರಿಗೆ ಅದು ಧಾರಾಳ. ಉದ್ದುದ್ದ ಹಾಡಿನ ತುಣುಕು, ಪರಿಸರದ ಸದ್ದು, ಸ್ಟೀರಿಯೋದಲ್ಲಿ ಎಳೆದ ಉದ್ದನೆಯ ಸ್ವರಗಳನ್ನು ಬಳಸುವವರಿಗೆ ಮಾತ್ರ ಇದು ನಿಜವಾಗಿಯೂ ಸಾಲದು. ಅಂಥವರು 2 ಜಿಬಿ ರ‍್ಯಾಮ್ ಇರುವ ಎಂಪಿಸಿ ಒನ್‌ನಂಥದ್ದನ್ನೋ, ಉದ್ದನೆಯ ಫೈಲನ್ನು ಕಾರ್ಡ್‌ನಿಂದಲೇ ಓದುತ್ತಾ ನುಡಿಸುವ ಆಕ್ಟಾಟ್ರ್ಯಾಕ್‌ನಂಥದ್ದನ್ನೋ ನೋಡಬೇಕು.

ಕಡಿಮೆ ಮೆಮೊರಿಯಿಂದಲೇ ಒಂದು ಧ್ವನಿಗುಣ ಹುಟ್ಟಿದ್ದೂ ಉಂಟು. 1987ರ ಇ-ಮು ಎಸ್‌ಪಿ-1200ರಲ್ಲಿ ಒಟ್ಟು ಸುಮಾರು 10 ಸೆಕೆಂಡು, ಒಂದು ಸ್ಯಾಂಪಲ್‌ಗೆ ಹೆಚ್ಚೆಂದರೆ ಎರಡೂವರೆ ಸೆಕೆಂಡು ಜಾಗವಿತ್ತು. 12 ಬಿಟ್, 26 ಕಿಲೋಹರ್ಟ್ಸ್ ಆಸುಪಾಸು. ಜಾಗ ಉಳಿಸಲು ಬಳಕೆದಾರರು 33 ಆರ್‌ಪಿಎಂನ (ನಿಮಿಷಕ್ಕೆ 33 ಸುತ್ತಿನ) ರೆಕಾರ್ಡನ್ನು 45ರಲ್ಲಿ ತಿರುಗಿಸಿ ಮುದ್ರಿಸಿಕೊಂಡು, ಬಳಿಕ ಯಂತ್ರದೊಳಗೆ ಶ್ರುತಿಯನ್ನು ಇಳಿಸಿ ಮೂಲ ವೇಗಕ್ಕೆ ತರುತ್ತಿದ್ದರು. ಎರಡೂವರೆ ಸೆಕೆಂಡಿನಲ್ಲಿ ಹೀಗೆ ಸುಮಾರು 3.4 ಸೆಕೆಂಡಿನ ಸಂಗೀತ ಹಿಡಿಯುತ್ತಿತ್ತು, ಮತ್ತು ಶ್ರುತಿ ಇಳಿದಾಗ ಮೂಲದಲ್ಲಿಲ್ಲದ ಒರಟು ಸ್ವರಗಳು ಮೇಲೆ ಬಂದು ಕೂರುತ್ತಿದ್ದವು. ಆ ಮರಳಿನಂಥ ಒರಟುತನವೇ ಬೇಕೆಂದು ಹಳೆಯ ಯಂತ್ರಕ್ಕೆ ದುಬಾರಿ ಬೆಲೆ ತೆರುವ ಮೊದಲು, ಇಂದಿನ ಹಲವು ಸ್ಯಾಂಪ್ಲರ್‌ಗಳಲ್ಲಿ ಬಿಟ್ ಮತ್ತು ಸ್ಯಾಂಪಲ್ ದರ ಇಳಿಸುವ ಎಫೆಕ್ಟ್ ಇದೆಯೆಂಬುದನ್ನು ನೆನಪಿಡಿ. ಪೂರ್ತಿ ಅದೇ ಅಲ್ಲ, ಆದರೆ ಹತ್ತಿರದ್ದು.

ಒಳಬರುವ ದಾರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಹೆಸರಿನಲ್ಲಿ ಸ್ಯಾಂಪಲ್ ಎಂದಿದ್ದ ಮಾತ್ರಕ್ಕೆ ಯಂತ್ರ ತಾನೇ ಧ್ವನಿಮುದ್ರಿಸುತ್ತದೆ ಎಂದುಕೊಳ್ಳಬೇಡಿ. 2014ರ ಕೋರ್ಗ್ ವೋಲ್ಕಾ ಸ್ಯಾಂಪಲ್‌ಗೆ ಆಡಿಯೋ ಇನ್‌ಪುಟ್ ಇರಲಿಲ್ಲ, ಸದ್ದುಗಳನ್ನು ಹೊರಗಿನಿಂದ ವರ್ಗಾಯಿಸಬೇಕಿತ್ತು. ಲೈನ್ ಇನ್‌ಪುಟ್ ಮಾತ್ರ ಇರುವಲ್ಲಿ ಮೈಕ್ ನೇರವಾಗಿ ಚುಚ್ಚಿದರೆ ಸದ್ದು ಕ್ಷೀಣವಾಗಿ ಬರುತ್ತದೆ, ನಡುವೆ ಸದ್ದನ್ನು ಹಿಗ್ಗಿಸುವ ಪ್ರೀಆಂಪ್ ಬೇಕಾಗುತ್ತದೆ. ಬೇರೆ ವಾದ್ಯಗಳನ್ನೂ ಇದರಿಂದಲೇ ನಡೆಸುವುದಾದರೆ ಅವುಗಳಿಗೆ ನುಡಿಸುವ ಆದೇಶ ಕಳಿಸುವ ಮಿಡಿ ಔಟ್ ಕಿಂಡಿ ಇದೆಯೇ ನೋಡಿ. ಪಾಲಿಫೋನಿಯ, ಅಂದರೆ ಒಟ್ಟಿಗೆ ಎಷ್ಟು ಸದ್ದು ನುಡಿಯಬಲ್ಲದು ಎಂಬುದರ ಬಗ್ಗೆ ಹೆಚ್ಚು ಚಿಂತೆ ಬೇಡ. ಮುಚ್ಚಿದ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಬಡಿದಾಗ ತೆರೆದದ್ದು ಸುಮ್ಮನಾಗುವ ಚೋಕ್ ಗುಂಪಿನ ಸೌಲಭ್ಯ ಇದ್ದರೆ ಸಾಕು. ಮೇಜು ಬಿಟ್ಟು ಎದ್ದು ಹೋಗಿ ಸದ್ದು ಹಿಡಿಯುವ ಇಚ್ಛೆಯಿದ್ದರೆ ಬ್ಯಾಟರಿ ದೊಡ್ಡ ಸಂಗತಿ: ಎಸ್‌ಪಿ-404ಎಂಕೆ2 ಆರು ಎಎ ಬ್ಯಾಟರಿಗಳಲ್ಲಿ ಓಡುತ್ತದೆ, ಎಂಪಿಸಿ ಒನ್‌ಗೆ ಗೋಡೆಯ ಪ್ಲಗ್ ಬೇಕೇ ಬೇಕು.

ಬಳಸಿದ ಯಂತ್ರವನ್ನು ಕೊಳ್ಳುವುದು ತಪ್ಪಲ್ಲ, ಅವಸರದಲ್ಲಿ ಕೊಳ್ಳುವುದು ತಪ್ಪು. ನಾನು ಹಾಗೆ ಕೊಂಡ ಒಂದು ಯಂತ್ರದ ಏಳನೆಯ ಪ್ಯಾಡ್ ಜೋರಾಗಿ ಹೊಡೆದಾಗ ಚೆನ್ನಾಗಿಯೇ ನುಡಿಯುತ್ತಿತ್ತು. ಮೆಲ್ಲನೆ ತಟ್ಟಿದಾಗ ಮಾತ್ರ ಒಮ್ಮೆ ಎರಡು ಸಲ ನುಡಿದು, ಇನ್ನೊಮ್ಮೆ ಸುಮ್ಮನಿರುತ್ತಿತ್ತು. ಅದು ಮನೆಗೆ ಬಂದ ಮೇಲೆ ತಿಳಿಯಿತು. ಆದ್ದರಿಂದ ಪ್ರತಿ ಪ್ಯಾಡನ್ನೂ ಬೆರಳ ತುದಿಯಿಂದ ಹತ್ತು ಬಾರಿ ಮೆಲ್ಲನೆ ತಟ್ಟಿ. ಪ್ರತಿ ನಾಬನ್ನೂ ನಿಧಾನವಾಗಿ ತಿರುಗಿಸಿ, ಪರದೆಯ ಮೇಲಿನ ಅಂಕಿ ಹಿಂದಕ್ಕೆ ನೆಗೆಯುತ್ತದೆಯೇ ಗಮನಿಸಿ. ಫ್ಲಾಪಿ ಕಾಲದ ಯಂತ್ರವಾದರೆ ಡ್ರೈವ್ ಕೆಲಸ ಮಾಡುತ್ತದೆಯೇ, ಅಥವಾ ಅದರ ಜಾಗದಲ್ಲಿ ಫ್ಲಾಪಿಯಂತೆ ವರ್ತಿಸುವ ಯುಎಸ್‌ಬಿ ಎಮ್ಯುಲೇಟರ್ ಕೂರಿಸಿದ್ದಾರೆಯೇ ಎಂದು ಕೇಳಿ. ಕೊನೆಗೆ ಮಾರುವವರ ಎದುರಲ್ಲೇ ಒಂದು ಸದ್ದನ್ನು ಮುದ್ರಿಸಿ, ಪ್ರಾಜೆಕ್ಟನ್ನು ಸೇವ್ ಮಾಡಿ, ಯಂತ್ರವನ್ನು ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಚ್ಚಿ ಆ ಸದ್ದು ಅಲ್ಲೇ ಇದೆಯೇ ನೋಡಿ.