ಪಟ್ಟಿಯಿಂದ ಒಂದು ಹೆಸರು ತೆಗೆಸಿದ ಮೇಲೆ

ಸಾಗರ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಗೆ ನಾನು 2010ರಲ್ಲಿ ಗೆದ್ದೆ, 2015ರಲ್ಲಿ ಸೋತೆ, 2020ರಲ್ಲಿ ಮತ್ತೆ ಗೆದ್ದೆ. ಆ ಸೋಲಿಗೂ ಮರುಗೆಲುವಿಗೂ ಮೂಲ ಒಂದೇ ಗ್ರಾಮಸಭೆ.

ಅಂದು ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಓದುವಾಗ ನನ್ನ ಚಿಕ್ಕಪ್ಪನ ಮಗನ ಹೆಸರು ಬಂತು. ಅವನಿಗೆ ಹೆಂಚಿನ ಮನೆ ಆಗಲೇ ಇತ್ತು. ಅಡಿಕೆ ಸೋಗೆ ಹೊದಿಸಿದ ಗುಡಿಸಲಿನಲ್ಲಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ವಿಧವೆಯೊಬ್ಬರು, ಪಟ್ಟಿಯಲ್ಲಿ ತಮ್ಮ ಹೆಸರಿಲ್ಲದೆ, ಶಾಲೆಯ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಎದ್ದು, ಅವನು ಅರ್ಹನಲ್ಲವೆಂದು ಹೇಳಿ, ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದೆ. "ನಿನ್ನನ್ನು ಗೆಲ್ಲಿಸಿದ್ದು ಇದಕ್ಕೇನೋ?" ಎಂದು ಕೇಳಿ ಚಿಕ್ಕಪ್ಪ ಸಭೆಯಿಂದ ಹೊರಟುಹೋದರು.

ಸರಾಸರಿ 400 ಜನಸಂಖ್ಯೆಗೆ ಒಬ್ಬ ಸದಸ್ಯನಿರುವ, ಪಕ್ಷದ ಚಿಹ್ನೆಯೂ ಇಲ್ಲದ ಈ ಚುನಾವಣೆಯಲ್ಲಿ ಒಂದು ಕುಟುಂಬ ಮುನಿಸಿಕೊಂಡರೆ ಸಾಕು. ನಾನು ಸೋತದ್ದು 14 ಮತಗಳಿಂದ. ಮೌಲ್ಯಕ್ಕೆ ಕೂಡಲೇ ಮತ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಸೋತ ಐದು ವರ್ಷ ಸಾಮಾನ್ಯ ಮತದಾರನಾಗಿ ಪ್ರತಿ ಗ್ರಾಮಸಭೆಗೂ ಹೋದೆ, ಪಂಚಾಯಿತಿಯ ಲೆಕ್ಕಪತ್ರವನ್ನು ಜನರ ಮುಂದಿಡುವ ಜಮಾಬಂದಿಯ ದಿನ ಖರ್ಚಿನ ಲೆಕ್ಕ ಕೇಳಿದೆ, ಪಿಂಚಣಿಯ ಅರ್ಜಿಗಳನ್ನು ಬರೆದುಕೊಟ್ಟೆ. ಅಧಿಕಾರವಿಲ್ಲದಿದ್ದಾಗಲೂ ಅದೇ ಪ್ರಶ್ನೆ ಕೇಳುತ್ತಾನೆ ಎಂಬುದನ್ನು ಕಂಡ ಮೇಲೆಯೇ, ಅಂದಿನ ನನ್ನ ನಡೆ ಪ್ರಚಾರಕ್ಕಾಗಿ ಆಗಿರಲಿಲ್ಲವೆಂದು ಊರು ನಂಬಿತು.

2020ರಲ್ಲಿ ನಾಮಪತ್ರ ಸಲ್ಲಿಸುವ ಹಿಂದಿನ ಸಂಜೆ ಆ ಹೆಂಗಸು ಮನೆಗೆ ಬಂದು, ಸೆರಗಿನ ಗಂಟು ಬಿಚ್ಚಿ, ಐವತ್ತು ರೂಪಾಯಿಯ ಎರಡು ನೋಟುಗಳನ್ನು ಜಗಲಿಯ ಮೇಲಿಟ್ಟರು. 1952ರಲ್ಲಿ ಇದೇ ಸೀಮೆಯ ಜನ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಿಗೆ ಮತದೊಂದಿಗೆ ನೋಟನ್ನೂ ಕೊಟ್ಟು ವಿಧಾನಸಭೆಗೆ ಕಳಿಸಿದ್ದರು. 1957ರಲ್ಲಿ ಸೋತ ಅವರು 1962ರಲ್ಲಿ ಮತ್ತೆ ಗೆದ್ದರು. ಆ ಹಿರಿಯರೊಂದಿಗೆ ನನಗೆ ಹೋಲಿಕೆಯಿಲ್ಲ, ಆದರೆ ಆ ಸಂಜೆ ಅವರ ನೆನಪಾಯಿತು.

ಅಧ್ಯಕ್ಷ ಸ್ಥಾನ ಮಾತ್ರ ದಕ್ಕಲಿಲ್ಲ. ಆಯ್ಕೆಗೆ ಮುಂಚೆ, ಅಧ್ಯಕ್ಷರನ್ನು ಆರಿಸುವ ಸದಸ್ಯರನ್ನು ಓಲೈಸಲೆಂದು ಪ್ರವಾಸಕ್ಕೆ ಕರೆದೊಯ್ಯಲು ನಾನು ಒಪ್ಪಲಿಲ್ಲ. ಚಿಕ್ಕಪ್ಪನ ಮನೆಯ ಮತಗಳು ಆ ಬಾರಿಯೂ ನನಗೆ ಬಿದ್ದಿರಲಾರವು; ದೀಪಾವಳಿಗೆ ಅವರನ್ನು ಕರೆಯುವುದನ್ನು ನಾನು ಬಿಟ್ಟಿಲ್ಲ.