ಅಡ್ಮಿಷನ್ ಫೈಲು: ಮಗು ಎದುರಿಗೆ ಇರುವಾಗಲೇ ಮುಗಿಸಬೇಕಾದ ಕೆಲಸ

ನಾನು ಒಂದು ಅನುದಾನಿತ ಪದವಿ ಕಾಲೇಜಿನ ಆಫೀಸಿನಲ್ಲಿ ಅಡ್ಮಿಷನ್ ಸೆಕ್ಷನ್ ನೋಡಿಕೊಳ್ಳುತ್ತೇನೆ. ಮೊದಲೆಲ್ಲ ನಮ್ಮಲ್ಲಿ ಕೆಲಸ ಹೇಗಿತ್ತು ಅಂದರೆ, ಮಕ್ಕಳು ಕೊಟ್ಟ ಕಾಗದವನ್ನೆಲ್ಲ ಅರ್ಜಿಯ ಹಿಂದೆ ಟ್ಯಾಗ್ ಹಾಕಿ, ಕ್ಲಾಸಿನ ಪ್ರಕಾರ ಕಟ್ಟು ಕಟ್ಟಿ ಬೀರುವಿನಲ್ಲಿ ಇಟ್ಟುಬಿಡುತ್ತಿದ್ದೆವು. ನೋಡೋಕೆ ನೀಟಾಗಿ ಇರುತ್ತಿತ್ತು. ಒಳಗೆ ಏನಿದೆ, ಏನಿಲ್ಲ ಅನ್ನೋದು ಗೊತ್ತಾಗುತ್ತಿದ್ದದ್ದು ವಿಶ್ವವಿದ್ಯಾಲಯಕ್ಕೆ ಅಡ್ಮಿಷನ್ ಅಪ್ರೂವಲ್‌ಗೆ ಕಳಿಸುವಾಗ, ಇಲ್ಲವೇ ಆಡಿಟ್‌ನವರು ಬಂದು ಕೂತಾಗ. ಅಷ್ಟು ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು.

ನನ್ನ ಕಣ್ಣು ತೆರೆಸಿದ್ದು ಒಬ್ಬ ಬಿಕಾಂ ಹುಡುಗಿಯ ಫೈಲು. ಹಿಂದುಳಿದ ವರ್ಗಗಳ ಪ್ರವರ್ಗ 2ಎ. ಅರ್ಜಿಯಲ್ಲಿ 2ಎ ಅಂತ ಟಿಕ್ ಇದೆ, ಹಿಂದೆ ಫಾರಂ ಎಫ್‌ನಲ್ಲಿ ತಹಶೀಲ್ದಾರರು ಕೊಟ್ಟ ಜಾತಿ ಮತ್ತು ಆದಾಯ ಪತ್ರವೂ ಇದೆ. ಎಲ್ಲ ಸರಿ ಇದೆ ಅಂದುಕೊಂಡಿದ್ದೆವು. ಡಿಸೆಂಬರ್‌ನಲ್ಲಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಅರ್ಜಿ ಹಾಕಲು ಕೂತಾಗ ಅವಳ ಆರ್‌ಡಿ ನಂಬರ್, ಅಂದರೆ ಆ ಜಾತಿ ಆದಾಯ ಪತ್ರದ ಮೇಲಿರುವ ನಂಬರ್, ತಗೊಳ್ಳಲೇ ಇಲ್ಲ. ಫೈಲ್ ತೆಗೆದು ನೋಡಿದರೆ ಅದು ಅವಳು ಎಂಟನೇ ಕ್ಲಾಸಿನಲ್ಲಿ ಇದ್ದಾಗ ಮಾಡಿಸಿದ ಸರ್ಟಿಫಿಕೇಟು. ಐದು ವರ್ಷ ದಾಟಿತ್ತು. ಅವರಪ್ಪ ಎರಡು ದಿನ ಕೂಲಿ ಬಿಟ್ಟು ನಾಡಕಚೇರಿಗೆ ಓಡಾಡಿದರು. ಹೊಸದು ಕೈಗೆ ಬರುವಷ್ಟರಲ್ಲಿ ಆ ವರ್ಷದ ಪೋರ್ಟಲ್ ಮುಚ್ಚಿತ್ತು. ಜೂನ್‌ನಲ್ಲಿ ಆ ಕಾಗದವನ್ನು ಕೌಂಟರ್‌ನಲ್ಲಿ ಕೈಗೆ ತಗೊಂಡಿದ್ದು ನಾನೇ. ದಿನಾಂಕ ನೋಡಿರಲಿಲ್ಲ.

ಕಾಗದ ಸರಿ ಇಲ್ಲದಿದ್ದರೆ ಆಫೀಸಿಗೆ ಒಂದು ಆಕ್ಷೇಪಣೆ ಬರುತ್ತದೆ, ನಾವು ಉತ್ತರ ಬರೆದು ಮುಗಿಸುತ್ತೇವೆ. ಮಗುವಿಗೆ ಹೋದ ವರ್ಷ ವಾಪಸ್ ಬರೋದಿಲ್ಲ ಅಲ್ವಾ. ಆವತ್ತಿನಿಂದ ಕೆಲಸದ ಕ್ರಮವನ್ನೇ ತಿರುಗಿಸಿದೆ. ಪರಿಶೀಲನೆ ಆಮೇಲೆ ಇಲ್ಲ. ಮಗು, ಮನೆಯವರು ಎದುರಿಗೆ ನಿಂತಿರುವಾಗಲೇ ಆಗಬೇಕು. ಒಬ್ಬರಿಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಸಾಲು ಉದ್ದ ಆಗುತ್ತದೆ, ಹಿಂದೆ ನಿಂತವರು ಗೊಣಗುತ್ತಾರೆ. ಪರವಾಗಿಲ್ಲ.

ಪ್ರತಿ ಕಾಗದಕ್ಕೂ ಮೂರೇ ಪ್ರಶ್ನೆ ಕೇಳುತ್ತೇನೆ. ಹೆಸರು ಯಾರದು, ಸಹಿ ಯಾರದು, ದಿನಾಂಕ ಯಾವುದು.

ಜಾಸ್ತಿ ತೊಂದರೆ ಬರುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಒಂದು ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅದೇ ಇನಿಷಿಯಲ್ ಅಪ್ಪನ ಪೂರ್ತಿ ಹೆಸರಾಗಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ ಇರುತ್ತದೆ. ನಾನು ಎಸ್‌ಎಸ್‌ಎಲ್‌ಸಿ ಕಾರ್ಡನ್ನೇ ಬೇರು ಅಂತ ಹಿಡಿಯುತ್ತೇನೆ. ಅರ್ಜಿಯಲ್ಲಿ, ದಾಖಲಾತಿ ರಿಜಿಸ್ಟರ್‌ನಲ್ಲಿ, ವಿಶ್ವವಿದ್ಯಾಲಯಗಳ ಅಡ್ಮಿಷನ್, ಪರೀಕ್ಷೆ ನೋಡಿಕೊಳ್ಳುವ ಯುಯುಸಿಎಂಎಸ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಎಲ್ಲ ಕಡೆ ಅದರಲ್ಲಿರುವ ಅಕ್ಷರಗಳೇ, ಅದೇ ಸ್ಪೆಲ್ಲಿಂಗ್, ಚುಕ್ಕಿ ಮತ್ತು ಜಾಗ ಸಮೇತ. ಯುಯುಸಿಎಂಎಸ್ 2021ರಲ್ಲಿ ಬಂದ ಮೇಲೆ ಇದು ಇನ್ನೂ ಮುಖ್ಯ ಆಯಿತು. ಯಾಕೆಂದರೆ ಅಡ್ಮಿಷನ್ ದಿನ ಅಲ್ಲಿ ಟೈಪ್ ಮಾಡಿದ ಹೆಸರು ಮುಂದೆ ಹಾಲ್‌ಟಿಕೆಟ್‌ಗೂ ಅಂಕಪಟ್ಟಿಗೂ ಹೋಗಿ ಕೂರುತ್ತದೆ. ಆಧಾರ್‌ನಲ್ಲಿ ವ್ಯತ್ಯಾಸ ಕಂಡರೆ ತಿದ್ದಿಸಿಕೊಂಡು ಬನ್ನಿ ಅಂತ ಆವತ್ತೇ ಚೀಟಿ ಬರೆದು ಕೊಡುತ್ತೇನೆ.

ಸಹಿಯ ವಿಚಾರ ಜಾತಿ ಪತ್ರದಲ್ಲಿ ನೋಡಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಫಾರಂ ಡಿ, ಪ್ರವರ್ಗ 1ಕ್ಕೆ ಫಾರಂ ಇ, 2ಎ, 2ಬಿ, 3ಎ, 3ಬಿಗೆ ಫಾರಂ ಎಫ್. ಇವೆಲ್ಲ ತಹಶೀಲ್ದಾರರದ್ದು. ಆದರೆ ಸಂವಿಧಾನದ 371ಜೆ ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಮೀಸಲಾತಿ ಕೇಳುವವರು ತರಬೇಕಾದ ಅರ್ಹತಾ ಪತ್ರ ಉಪವಿಭಾಗಾಧಿಕಾರಿಗಳದ್ದು. ಬೀದರ್, ಯಾದಗಿರಿ, ಕೊಪ್ಪಳದ ಕಡೆಯಿಂದ ಬರುವ ಎಷ್ಟೋ ಮಕ್ಕಳು ತಹಶೀಲ್ದಾರರ ವಾಸಸ್ಥಳ ಪತ್ರ ಹಿಡಿದು ಬಂದು ಇದೇ 371ಜೆ ಅಂತಾರೆ. ಅವರ ತಪ್ಪಲ್ಲ, ಯಾರೂ ಬಿಡಿಸಿ ಹೇಳಿರುವುದಿಲ್ಲ. ಎರಡೂ ಪತ್ರದ ಮಾದರಿಯನ್ನು ಹೆಸರು ಅಳಿಸಿ ಕೌಂಟರ್ ಗಾಜಿನ ಮೇಲೆ ಅಂಟಿಸಿದ್ದೇನೆ. ಈಗ ಬೆರಳಿಟ್ಟು ತೋರಿಸಿದರೆ ಸಾಕು.

ನಾಡಕಚೇರಿಯ ಪತ್ರವಾದರೆ ಆರ್‌ಡಿ ನಂಬರನ್ನು ಅಲ್ಲೇ ಅವರ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತೇನೆ. ತೆರೆಯ ಮೇಲೆ ಬರುವ ಹೆಸರು, ಜಾತಿ, ಆದಾಯ ಕಾಗದದ ಜೊತೆ ಹೊಂದಬೇಕು. ಜೆರಾಕ್ಸ್ ಮಸುಕಾಗಿ 3 ಮತ್ತು 8 ಒಂದೇ ಥರ ಕಾಣುವುದು ತುಂಬ ಸಾಮಾನ್ಯ. ಹಾಗಾಗಿ ಮೂಲ ಪ್ರತಿ ನೋಡಿ ನಂಬರನ್ನು ಫೈಲಿನ ಮುಖಪುಟದ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದುಬಿಡುತ್ತೇನೆ.

ಆ ಮುಖಪುಟ ನಾನೇ ಮಾಡಿಕೊಂಡಿದ್ದು, ಒಂದೇ ಹಾಳೆ. ಅರ್ಜಿ, ಎಸ್‌ಎಸ್‌ಎಲ್‌ಸಿ, ಪಿಯು ಅಂಕಪಟ್ಟಿ, ಟಿಸಿ, ಜಾತಿ, ಆದಾಯ, ರ್‍ಯಾಗಿಂಗ್ ವಿರೋಧಿ ಮುಚ್ಚಳಿಕೆ, ಶುಲ್ಕದ ರಸೀದಿ, ಇದೇ ಕ್ರಮ. ಮುಚ್ಚಳಿಕೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2009ರ ನಿಯಮದ ಪ್ರಕಾರ ವಿದ್ಯಾರ್ಥಿಯಿಂದಲೂ ಬೇಕು, ಪೋಷಕರಿಂದಲೂ ಬೇಕು. ಎಷ್ಟೋ ಫೈಲಿನಲ್ಲಿ ಮಗುವಿನದ್ದು ಮಾತ್ರ ಇರುತ್ತಿತ್ತು. ಬೇರೆ ರಾಜ್ಯದಿಂದ ಅಥವಾ ಬೇರೆ ಬೋರ್ಡಿನಿಂದ ಬಂದವರಿಗೆ ಮೈಗ್ರೇಷನ್ ಮತ್ತು ವಿಶ್ವವಿದ್ಯಾಲಯದ ಅರ್ಹತಾ ಪತ್ರ ಅಂತ ಎರಡು ಸಾಲು ಹೆಚ್ಚು. ಮುಂದೆ ಮೂರು ಕಾಲಂ: ಇದೆ, ಇಲ್ಲ, ಯಾವಾಗ ಕೊಡುತ್ತಾರೆ. ಕೆಳಗೆ ನನ್ನ ಸಹಿ, ಮಗುವಿನ ಸಹಿ. "ಇಲ್ಲ" ಅಂತ ಬಂದ ಪ್ರತಿಯೊಂದೂ ಆವತ್ತೇ ಬಾಕಿ ಪುಸ್ತಕಕ್ಕೆ ಹೋಗುತ್ತದೆ, ಫೋನ್ ನಂಬರ್ ಜೊತೆ. ಸೋಮವಾರ ಬೆಳಗ್ಗೆ ಬೇರೆ ಕೆಲಸ ಮುಟ್ಟುವ ಮೊದಲು ಆ ಪುಸ್ತಕ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ.

ಮೀಸಲಾತಿ ಲೆಕ್ಕವನ್ನೂ ಈಗ ದಿನದಿನವೇ ಬರೆಯುತ್ತೇನೆ. ಎಸ್‌ಸಿ 17, ಎಸ್‌ಟಿ 7, ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5 ಶೇಕಡಾ ಅಂತ ರೋಸ್ಟರ್ ಹಾಳೆ ಮೇಜಿನ ಮೇಲೇ ಇರುತ್ತದೆ. ಒಂದು ವಿಷಯ ಇಲ್ಲಿ ಜೋರಾಗಿ ಹೇಳಬೇಕು. ಸಾಮಾನ್ಯ ಮೆರಿಟ್‌ನಲ್ಲೇ ಸೀಟು ಪಡೆದ ಮೀಸಲಾತಿ ವರ್ಗದ ಮಗುವನ್ನು ಆ ವರ್ಗದ ಕೋಟಾದಲ್ಲಿ ಎಣಿಸಬಾರದು, ಎಣಿಸಿದರೆ ಅದೇ ವರ್ಗದ ಇನ್ನೊಂದು ಮಗುವಿನ ಸೀಟು ಕಡಿಮೆ ಆಗುತ್ತದೆ. ಅವಸರದಲ್ಲಿ ಆಗುವ ದೊಡ್ಡ ತಪ್ಪು ಇದೇ.

ಇನ್ನು ಮೂಲ ದಾಖಲೆಗಳು. ಹಿಂದೆ ಒರಿಜಿನಲ್ ಅಂಕಪಟ್ಟಿಗಳನ್ನು ಕಾಲೇಜಿನಲ್ಲೇ ಇಟ್ಟುಕೊಳ್ಳುವ ರೂಢಿ ಇತ್ತು. ಮಗು ಬಿಟ್ಟುಹೋಗದಿರಲಿ ಅಂತ. ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, ಮೂಲ ಪ್ರತಿಗಳನ್ನು ವಿದ್ಯಾರ್ಥಿಯ ಎದುರೇ ನೋಡಿ ಆಗಲೇ ವಾಪಸ್ ಕೊಡಬೇಕು ಅಂತ ಹೇಳಿತು. ನನಗಂತೂ ಇದು ಸರಿ ಅನ್ನಿಸಿತು. ಆ ಕಾರ್ಡು ಮಗುವಿನದ್ದು, ನಮ್ಮದಲ್ಲ. ಈಗ ಜೆರಾಕ್ಸ್ ಮೇಲೆ "ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಲಾಗಿದೆ" ಅನ್ನೋ ಸೀಲು ಹೊಡೆದು, ದಿನಾಂಕ ಹಾಕಿ, ಒರಿಜಿನಲ್ ಅನ್ನು ಆ ಕೈಗೇ ಕೊಡುತ್ತೇನೆ. ಸಿಇಟಿಯಲ್ಲಿ ಸೀಟು ಸಿಕ್ಕಿ ಬಿಡುವ ಮಕ್ಕಳ ಶುಲ್ಕ ವಾಪಸಾತಿಯೂ ಅದೇ ಅಧಿಸೂಚನೆಯಲ್ಲಿದೆ. ಎಷ್ಟು ವಾಪಸ್ ಅನ್ನೋದು ಅವರು ಯಾವ ದಿನ ಅರ್ಜಿ ಕೊಟ್ಟರು ಅನ್ನೋದರ ಮೇಲೆ ನಿಂತಿದೆ. ಆದ್ದರಿಂದ ಬಿಡುವ ಅರ್ಜಿಗೆ ಕೈಗೆ ಬಂದ ಕ್ಷಣವೇ ಇನ್‌ವರ್ಡ್ ನಂಬರ್, ಅಂದರೆ ಆಫೀಸಿಗೆ ಬಂದ ಕಾಗದಕ್ಕೆ ಕೊಡುವ ನಂಬರ್, ಹಾಕಿ, ಅದರ ಒಂದು ಪ್ರತಿಯನ್ನು ಮಗುವಿಗೆ ಕೊಡಬೇಕು. "ನಾಳೆ ಬಾ" ಅಂದರೆ ಆ ನಾಳೆಯಲ್ಲಿ ಅವರ ದುಡ್ಡು ಹೋಗಬಹುದು.

ಇನ್ನೊಂದು ಸಂಗತಿ ಹೇಳಲೇಬೇಕು. ಒಮ್ಮೆ ಆಫೀಸಿನ ಮೇಜಿನ ಮೇಲೆ ಟೀ ಲೆಕ್ಕ ಬರೆದ ಒಂದು ಚೀಟಿ ಸಿಕ್ಕಿತು. ತಿರುಗಿಸಿದರೆ ಹಿಂದೆ ಒಬ್ಬ ಹುಡುಗಿಯ ಆಧಾರ್ ಜೆರಾಕ್ಸ್, ಫೋಟೋ, ಮನೆ ವಿಳಾಸ ಎಲ್ಲ. ಮೈ ಜುಮ್ಮೆಂದಿತು. ಈಗ ಫೈಲಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ತಗೊಳ್ಳುತ್ತೇವೆ, ಹೆಚ್ಚಾದ ಜೆರಾಕ್ಸನ್ನು ಸಂಜೆ ಹರಿದು ಹಾಕುತ್ತೇವೆ.

ಈ ಎರಡು ವರ್ಷದಿಂದ ಇನ್ನೊಂದು ಕೆಲಸ ಸೇರಿಸಿಕೊಂಡಿದ್ದೇನೆ. ಪಿಯು ಫಲಿತಾಂಶ ಬಂದ ವಾರವೇ ಗೇಟಿನ ಹತ್ತಿರ ಒಂದು ಬೋರ್ಡ್ ಹಾಕುತ್ತೇವೆ. "ನಿಮ್ಮ ಜಾತಿ ಆದಾಯ ಪತ್ರದ ದಿನಾಂಕ ನೋಡಿ. ಐದು ವರ್ಷ ಆಗಿದ್ದರೆ ಈಗಲೇ ನಾಡಕಚೇರಿಗೆ ಹೋಗಿ. ಆಧಾರ್ ಹೆಸರು, ಎಸ್‌ಎಸ್‌ಎಲ್‌ಸಿ ಹೆಸರು ಒಂದೇ ಇದೆಯಾ ನೋಡಿ." ಇಷ್ಟೇ, ದಪ್ಪ ಅಕ್ಷರದಲ್ಲಿ. ಬಸ್ಸಿಗೆ ಕಾಯುವವರು ಅದರ ಫೋಟೋ ತಗೊಂಡು ಹೋಗುತ್ತಾರೆ. ಓದಲು ಬಾರದ ತಾಯಂದಿರಿಗೆ ನಮ್ಮ ಅಟೆಂಡರ್ ಅಣ್ಣ ನಿಂತು ಓದಿ ಹೇಳುತ್ತಾರೆ, "ನೋಡಮ್ಮ, ಮನೆಗೆ ಹೋದ ತಕ್ಷಣ ಟ್ರಂಕ್ ತೆಗೆದು ಆ ಕಾಗದದ ತಾರೀಖು ಒಂದು ನೋಡಿಸು" ಅಂತ.