ಪೆನ್ಸಿಲ್ವೇನಿಯಾದಲ್ಲಿ ಅಂಚೆ ಮೂಲಕ ಮತ ಹಾಕುವವರಿಗೆ
ಇಲ್ಲಿ ಬೆಸ ವರ್ಷಗಳ ನವೆಂಬರ್‌ನಲ್ಲಿ ನ್ಯಾಯಾಧೀಶರು, ಶಾಲಾ ಮಂಡಳಿ, ಟೌನ್‌ಶಿಪ್ (ಸ್ಥಳೀಯ ಆಡಳಿತ) ಸ್ಥಾನಗಳಿಗೆ ಚುನಾವಣೆ. ಮತ ಅಮೆರಿಕದ ಪೌರರಿಗೆ ಮಾತ್ರ. ಗ್ರೀನ್ ಕಾರ್ಡ್, ಎಚ್‌-1ಬಿಯವರು ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಅಪ್ಪಿತಪ್ಪಿಯೂ ಮತದಾರರ ನೋಂದಣಿ ಮಾಡಿಸಬೇಡಿ, ಮುಂದೆ ಪೌರತ್ವದ ಅರ್ಜಿಗೇ ಕುತ್ತು.

ನೋಂದಣಿಗೆ ಚುನಾವಣೆಗೆ 15 ದಿನ ಮೊದಲು ಕಡೇ ದಿನ. ಅಂಚೆ ಬ್ಯಾಲೆಟ್‌ನ ಅರ್ಜಿ 7 ದಿನ ಮುಂಚೆ ಸಂಜೆ 5ರೊಳಗೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಚುನಾವಣಾ ಕಚೇರಿ ಸೇರಬೇಕು.

ಜನ ಎಡವುವುದು ಲಕೋಟೆಯಲ್ಲಿ. ಬ್ಯಾಲೆಟ್ಟನ್ನು ಮೊದಲು ಒಳಗಿನ ಗೌಪ್ಯ ಲಕೋಟೆಗೆ ಹಾಕಿ ಅಂಟಿಸಿ, ಅದರ ಮೇಲೆ ಏನೂ ಗೀಚಬೇಡಿ. ಈ ಲಕೋಟೆ ಬಿಟ್ಟರೆ ಮತ ಎಣಿಕೆಗೆ ಬಾರದು. ಆಮೇಲೆ ಹೊರ ಲಕೋಟೆ: ಸಹಿ, ಸಹಿ ಹಾಕಿದ ದಿನದ ತಾರೀಕು. ಊರಿನ ರೂಢಿಯಲ್ಲಲ್ಲ, ತಿಂಗಳು ಮೊದಲು! ಹುಟ್ಟಿದ ದಿನವನ್ನಂತೂ ಬರೆಯಬೇಡಿ. ಚುನಾವಣೆ ದಿನ ರಾತ್ರಿ 8ರೊಳಗೆ ಅದು ಕೌಂಟಿಯ ಕೈಸೇರಬೇಕು, ಅಂಚೆ ಮುದ್ರೆಯ ತಾರೀಕು ಲೆಕ್ಕಕ್ಕಿಲ್ಲ. ಹೆಂಡತಿಯ ಲಕೋಟೆಯನ್ನು ಗಂಡ ಕೊಂಡೊಯ್ದು ಹಾಕುವಂತಿಲ್ಲ; ಅಂಗವೈಕಲ್ಯ ಇದ್ದವರು ಮಾತ್ರ ನಮೂನೆ ತುಂಬಿ ಬೇರೆಯವರಿಗೆ ಒಪ್ಪಿಸಬಹುದು.

ಹಾಲಿ ನ್ಯಾಯಾಧೀಶರ ಮುಂದುವರಿಕೆಯ ಪ್ರಶ್ನೆಯಲ್ಲಿ ಪಕ್ಷದ ಹೆಸರಿರದು, ‘ಹೌದು’ ಅಥವಾ ‘ಇಲ್ಲ’ ಅಷ್ಟೇ. ರಾಜ್ಯದ ಸುಪ್ರೀಂ ಕೋರ್ಟಿನವರು ಗೆದ್ದರೆ ಮತ್ತೆ 10 ವರ್ಷ, 75 ತುಂಬಿದರೆ ನಿವೃತ್ತಿ. ಖಾಲಿ ಬಿಡುವ ಮುನ್ನ ರಾಜ್ಯದ ಬಾರ್ ಅಸೋಸಿಯೇಷನ್ನಿನ ಮೌಲ್ಯಮಾಪನ ನೋಡಿ.